ಬೇಸಿಗೆಯಲ್ಲಿ ಎಳೆಗೂಸಿಗೆ ನೀರು: ಒಂದು ಸ್ಪಷ್ಟನೆ
‘ಬಿಸಿಲು ಜಾಸ್ತಿ, ಮೂರು ತಿಂಗಳ ಕೂಸಿಗೂ ದಿನಕ್ಕೆ ನಾಲ್ಕು ಒಳಲೆ ನೀರು ಹಾಕಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ ಇದೆ. 6 ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವೈದ್ಯರು ಬರೆದುಕೊಟ್ಟ ಔಷಧಿ, ಓಆರ್‌ಎಸ್ ಮಾತು ಬೇರೆ.

ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿದರೆ ಕೂಸು ಹಾಲು ಕುಡಿಯುವುದು ಕಡಿಮೆಯಾಗುತ್ತದೆ. ಕೂಸು ಕುಡಿಯದಿದ್ದರೆ ತಾಯಿಗೆ ಹಾಲೂ ಕಡಿಮೆಯಾಗುತ್ತದೆ. ನೀರು ಅತಿಯಾದರೆ ರಕ್ತದಲ್ಲಿ ಸೋಡಿಯಂ ತಗ್ಗಿ ಫಿಟ್ಸ್ ಕೂಡ ಬರಬಹುದು.

ಸೆಕೆಯಿದ್ದರೆ ಇನ್ನೆರಡು ಸಲ ಹಾಲೂಡಿಸಿ. ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯುತ್ತಿದ್ದು, ಅದು ತಿಳಿಯಾಗಿದ್ದರೆ ಸುಮ್ನೆ ಗಾಬರಿ ಬೇಡ. ಅಜ್ಜಿಯ ಕಾಳಜಿ ನಿಜ, ಆದರೆ ಆ ನೀರು ಬಾಣಂತಿಗೆ ಹೋಗಲಿ! 6 ತಿಂಗಳಾಗಿ ರಾಗಿ ಸರಿ ಶುರುವಾದ ಮೇಲೆ, ಕಾಯಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕೊಡಬಹುದು.