ಇರಾನ್ ನಮಗೆ ಅಷ್ಟು ಅಗ್ಗವಾಗಿದ್ದು ಯಾಕೆ?

ಇರಾನ್ ಬಗ್ಗೆ ಎರಡು ಥರದ ಮಾತು ಕೇಳಿ ಕೇಳಿ ಸಾಕಾಗಿದೆ. ಒಂದು, ಟಿವಿ ನೋಡಿಯೇ ಹೆದರಿದವರದು. ಬಾಂಬು, ಗಡ್ಡ, ಕಪ್ಪು ಬಟ್ಟೆ, ಅಷ್ಟೇ ಇರಾನ್. (ಅದು ಅರಬ್ ದೇಶ ಅನ್ನುವವರೂ ಇವರೇ. ಅಲ್ಲಿನ ಹೆಚ್ಚಿನವರು ಅರಬರಲ್ಲ, ಹೋದರೆ ಯಾರೆದುರೂ ಹಾಗನ್ನಬೇಡಿ.) ಇನ್ನೊಂದು, ಹೋಗಿಬಂದವರದು. "ಎಲ್ಲಾ ಸುಳ್ಳು ಕಣ್ರೀ, ಎಂಥಾ ಒಳ್ಳೆ ಜನ, ಎಷ್ಟು ಅಗ್ಗ!" ನನಗೆ ಈ ಎರಡನೆಯದರ ಮೇಲೇ ಸಿಟ್ಟು ಜಾಸ್ತಿ.

ನಾನು ಹೋಗಿದ್ದು 2018ರ ಅಕ್ಟೋಬರ್‌ನಲ್ಲಿ, ಟರ್ಕಿ ಕಡೆಯಿಂದ ಬಜರ್ಗಾನ್ ಗಡಿ ದಾಟಿ. ತಬ್ರೀಜ್, ತೆಹ್ರಾನ್, ಇಸ್ಫಹಾನ್, ಯಜ್ದ್, ಶಿರಾಜ್, ಎಲ್ಲಾ ಬಸ್ಸಿನಲ್ಲೇ. ಆ ಬಸ್ಸುಗಳನ್ನು ಹೊಗಳಲೇಬೇಕು. 'ವಿಐಪಿ' ಬಸ್ಸಿನಲ್ಲಿ ಒಂದು ಸಾಲಿಗೆ ಮೂರೇ ಸೀಟು. ಕಾಲು ಚಾಚಿ ನಿದ್ದೆ ಹೊಡೆಯಬಹುದು, ಜೊತೆಗೆ ತಿಂಡಿ ಪೊಟ್ಟಣ ಬೇರೆ. ಒಬ್ಬಳೇ ಹೊರಟ ಹೆಂಗಸಿನ ಪಕ್ಕ ಹೆಂಗಸರಿಗೇ ಸೀಟು. ಹಾಗಾಗಿ ನನಗೆ ದಾರಿಯುದ್ದಕ್ಕೂ ಮಾತಿಗೆ ಬರವಿರಲಿಲ್ಲ. ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ.

ಮಾತು ಎಲ್ಲಿಂದ ಶುರುವಾದರೂ ದುಡ್ಡಿಗೇ ಬಂದು ನಿಲ್ಲುತ್ತಿತ್ತು. ಆ ವರ್ಷ ಮೇ ತಿಂಗಳಲ್ಲಿ ಅಮೆರಿಕ ಇರಾನ್ ಜೊತೆಗಿನ ಪರಮಾಣು ಒಪ್ಪಂದದಿಂದ ಹೊರಗೆ ಹೋಗಿತ್ತು. ವರ್ಷದ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 4 ಸಾವಿರ ತೊಮಾನ್ (ಅಲ್ಲಿನವರು ದುಡ್ಡು ಎಣಿಸುವ ಲೆಕ್ಕ) ಇದ್ದದ್ದು ಸೆಪ್ಟೆಂಬರ್ ಹೊತ್ತಿಗೆ ಸರ್ಕಾರಿ ದರದ ಹೊರಗಿನ ಮಾರುಕಟ್ಟೆಯಲ್ಲಿ 15 ಸಾವಿರ ದಾಟಿತ್ತು. ಅಮೆರಿಕದ ಆರ್ಥಿಕ ನಿರ್ಬಂಧದಿಂದಾಗಿ ನಮ್ಮ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಎಲ್ಲರೂ ಡಾಲರ್ ಅಥವಾ ಯೂರೋ ನೋಟು ಹೊತ್ತುಕೊಂಡೇ ಹೋಗಬೇಕು. ನೂರು ಡಾಲರಿನ ಒಂದು ನೋಟು ಬದಲಿಸಿದರೆ ಪರ್ಸ್ ಮುಚ್ಚಲು ಆಗದಷ್ಟು ದುಡ್ಡು. ಅಗ್ಗ ಅಂತ ನಾವು ಕುಣಿದಾಡಿದೆವಲ್ಲ, ಅದು ಅಲ್ಲಿನ ಮೇಷ್ಟ್ರುಗಳ, ನರ್ಸುಗಳ ಉಳಿತಾಯ ಕರಗಿ ಬಂದ ಅಗ್ಗ. ಪಕ್ಕದ ಸೀಟಿನ ಹುಡುಗಿ ಹೊರದೇಶಕ್ಕೆ ಓದಲು ಹೋಗುವ ಆಸೆ ಬಿಟ್ಟಿದ್ದಳು. ಅಪ್ಪ ಕೂಡಿಟ್ಟ ದುಡ್ಡು ಡಾಲರ್ ಲೆಕ್ಕದಲ್ಲಿ ಕಾಲು ಭಾಗಕ್ಕೆ ಇಳಿದಿತ್ತು. ಅವಳು ನನಗೆ ಬಲವಂತ ಮಾಡಿ ಪಿಸ್ತಾ ಕೊಟ್ಟಳು. ಇದನ್ನು ಬರೀ 'ಇರಾನಿಗಳ ಆತಿಥ್ಯ' ಅಂತ ಫೋಟೋ ಕೆಳಗೆ ಬರೆದು ಮುಗಿಸೋಕೆ ನನಗೆ ಆಗಲ್ಲ.

ಹಾಗಂತ ಎಲ್ಲಾ ತಪ್ಪೂ ಹೊರಗಿನವರದಾ? ಇಸ್ಫಹಾನ್‌ನಲ್ಲಿ 33 ಕಮಾನಿನ ಸೇತುವೆ ಇದೆ, 400 ವರ್ಷ ಹಳೆಯದು. ನಾನು ಹೋದಾಗ ಅದರ ಕೆಳಗೆ ಹನಿ ನೀರಿರಲಿಲ್ಲ. ಜಾಯಂದೆರುದ್ ನದಿಯ ಪಾತ್ರದಲ್ಲಿ ಜನ ವಾಕಿಂಗ್ ಮಾಡುತ್ತಿದ್ದರು. ಮಳೆ ಕಡಿಮೆ ನಿಜ, ಆದರೆ ಆ ನೀರು ಉಕ್ಕಿನ ಕಾರ್ಖಾನೆಗಳಿಗೂ ಹೋಗುತ್ತದೆ, ಪೈಪಿನಲ್ಲಿ ಯಜ್ದ್‌ಗೂ ಹೋಗುತ್ತದೆ. ಇಸ್ಫಹಾನ್‌ನಿಂದ ಮರುಭೂಮಿ ಹಾದು ಬಸ್ಸಿನಲ್ಲಿ ಯಜ್ದ್ ಮುಟ್ಟಿದಾಗ ಇದು ಸರಿಯಾಗಿ ತಲೆಗೆ ಹತ್ತಿತು. ಬೆಟ್ಟದ ಬುಡದ ನೀರನ್ನು ನೆಲದಡಿಯ ಸುರಂಗಗಳಲ್ಲಿ, ಪಂಪಿಲ್ಲದೆ, ಇಳಿಜಾರಿನಲ್ಲೇ ಊರಿಗೆ ತಂದವರು ಇವರು. ಆ ಕನಾತ್‌ಗಳನ್ನು ಯುನೆಸ್ಕೋ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥ ಊರು ಈಗ ಪಕ್ಕದ ಊರಿನ ಒಣಗಿದ ನದಿಗೆ ಬಾಯಿಟ್ಟು ಕೂತಿದೆ. 2021ರ ನವೆಂಬರ್‌ನಲ್ಲಿ ಇಸ್ಫಹಾನ್ ರೈತರು ಆ ಒಣ ನದಿಯೊಳಗೇ ಕೂತು ಸರ್ಕಾರವನ್ನು ನೀರು ಕೇಳಿದರು. ಪೊಲೀಸರು ಅವರನ್ನು ಚದುರಿಸಿದರು.

ಹೆಂಗಸರಿಗೆ ಕಾನೂನೇ ಕಡ್ಡಾಯ ಮಾಡಿದ ತಲೆವಸ್ತ್ರದ ವಿಷಯ. ಬಣ್ಣಬಣ್ಣದ ಸ್ಕಾರ್ಫ್ ಹೊದ್ದು, 'ಏನೂ ಕಷ್ಟ ಆಗಲಿಲ್ಲ' ಅಂತ ಬರೆಯುವ ಪ್ರವಾಸಿ ಹೆಂಗಸರೇ, ಖಂಡಿತ ಆಗಿರಲ್ಲ ಬಿಡಿ. ನಾವು ವಾಪಸು ಗಡಿ ದಾಟಿದ ಕೂಡಲೇ ತೆಗೆದೆವು. 2017ರ ಡಿಸೆಂಬರ್‌ನಲ್ಲಿ ತೆಹ್ರಾನಿನ ಇಂಕಿಲಾಬ್ ಬೀದಿಯಲ್ಲಿ ವಿದಾ ಮೊವಾಹೆದ್ ಎಂಬ ಯುವತಿ ಬಿಳಿ ಸ್ಕಾರ್ಫನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದದ್ದಕ್ಕೆ ಬಂಧನವಾಯಿತು. 2022ರಲ್ಲಿ ತಲೆವಸ್ತ್ರ ಸರಿಯಿಲ್ಲ ಅಂತ ಹಿಡಿದೊಯ್ದ ಮಹ್ಸಾ ಅಮೀನಿ ಪೊಲೀಸ್ ವಶದಲ್ಲಿದ್ದಾಗಲೇ ಸತ್ತಳು, 22 ವರ್ಷ. ಆಗ ಬೀದಿಗೆ ಬಂದವರೂ ಇರಾನಿಗಳೇ, ನಮಗೆ ಚಹಾ ಕೊಟ್ಟವರೂ ಅವರೇ. ಅವರ ಒಳ್ಳೆಯತನವನ್ನು ಅವರ ಸರ್ಕಾರಕ್ಕೆ ಸರ್ಟಿಫಿಕೇಟಾಗಿ ಬಳಸೋದು ಯಾವ ನ್ಯಾಯ?

ಈಗ ಹೋಗಬಹುದಾ ಅಂತ ಇನ್‌ಬಾಕ್ಸಿನಲ್ಲಿ ಕೇಳುತ್ತಿರುವವರಿಗೆ: ಸದ್ಯಕ್ಕೆ ಬೇಡ. 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ 12 ದಿನ ಯುದ್ಧ ನಡೆದಾಗ ವಿಮಾನಗಳೇ ನಿಂತು, ಅಲ್ಲಿದ್ದ ನಮ್ಮ ವಿದ್ಯಾರ್ಥಿಗಳು ರಸ್ತೆ ಹಿಡಿದು ಅರ್ಮೇನಿಯಾಕ್ಕೆ ಹೊರಡಬೇಕಾಯಿತು. ಭಾರತೀಯರಿಗೆ 2024ರಲ್ಲಿ ಕೊಟ್ಟಿದ್ದ 15 ದಿನದ ವೀಸಾ ರಿಯಾಯಿತಿಯನ್ನೂ 2025ರ ನವೆಂಬರ್‌ನಲ್ಲಿ ನಿಲ್ಲಿಸಿದ್ದಾರೆ. ಅದು ವಿಮಾನದಲ್ಲಿ ಬರುವವರಿಗೆ ಮಾತ್ರ ಇತ್ತು, ಬಸ್ಸಿನವರಿಗೆ ಯಾವತ್ತೂ ಇರಲಿಲ್ಲ.