ಪ್ರೊಸೆಸರ್ ಕೈಗೆ ಬಂದ ಭಾನುವಾರ

ನನ್ನ ಕಂಪ್ಯೂಟರಿನಲ್ಲಿ ಒಂದು ಮದುವೆ ವಿಡಿಯೋ ರೆಂಡರ್ ಆಗಲು, ಅಂದರೆ ಎಡಿಟ್ ಮಾಡಿದ್ದು ಪೂರ್ತಿ ಫೈಲ್ ಆಗಿ ಹೊರಬರಲು, 42 ನಿಮಿಷ ಬೇಕು. ಅಷ್ಟರಲ್ಲಿ ಪುರೋಹಿತರು ಇನ್ನೊಂದು ಮದುವೆ ಮುಗಿಸಿ ಊಟಕ್ಕೆ ಕೂತಿರುತ್ತಾರೆ. ಇದನ್ನು ಬೆಂಗಳೂರಿನಲ್ಲಿರುವ ಅಕ್ಕನ ಮಗನ ಹತ್ತಿರ ಗೊಣಗಿದ್ದೇ ತಪ್ಪಾಯಿತು.

"ಮಾಮ, ಓವರ್‌ಕ್ಲಾಕ್ ಮಾಡಿ, ಅಂದ್ರೆ ಪ್ರೊಸೆಸರನ್ನ ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಿ. 1998ರಲ್ಲೇ ಜನ 300 ಮೆಗಾಹರ್ಟ್ಸ್‌ನ ಸೆಲೆರಾನ್ 300ಎ ಪ್ರೊಸೆಸರ್ ತಂದು 450ರಲ್ಲಿ ಓಡಿಸ್ತಿದ್ರು" ಎಂದ. 1998ರಲ್ಲಿ ಅವನು ಹುಟ್ಟಿಯೇ ಇರಲಿಲ್ಲ, ಆ ಮಾತು ಬೇರೆ.

ನನ್ನದು ರೈಜನ್ 5 2600 ಪ್ರೊಸೆಸರ್. ಇದರ ಮಲ್ಟಿಪ್ಲೈಯರ್‌ಗೆ, ಅಂದರೆ ವೇಗವನ್ನು ಗುಣಿಸುವ ಸಂಖ್ಯೆಗೆ, ಬೀಗ ಹಾಕಿಲ್ಲ. ಲೆಕ್ಕ ಮಗ್ಗಿಯಷ್ಟೇ ಸುಲಭ: 100 ಮೆಗಾಹರ್ಟ್ಸ್‌ಗೆ 34ರಿಂದ ಗುಣಿಸಿದರೆ 3.4 ಗಿಗಾಹರ್ಟ್ಸ್. 34 ಇದ್ದ ಕಡೆ 40 ಹಾಕಿದರೆ 4. ಒಂದೊಂದೇ ಹೆಜ್ಜೆ ಏರಿಸಿ, ವೋಲ್ಟೇಜ್ 1.35 ದಾಟಬೇಡಿ, ಪ್ರತಿ ಸಲವೂ ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ನೋಡುವ ಸ್ಟ್ರೆಸ್ ಟೆಸ್ಟ್ ಅರ್ಧ ಗಂಟೆ ಓಡಿಸಿ, 85 ಡಿಗ್ರಿ ದಾಟಿದರೆ ಇಳಿಸಿ ಎಂದೆಲ್ಲ ಹೇಳಿದ. ನಾನು ಹೂಂ ಹೂಂ ಎಂದೆ. ಮಂತ್ರ ಅರ್ಥವಾಗದ ವರ ಹಸೆಮಣೆ ಮೇಲೆ ಹೇಳುವಂಥ ಹೂಂ ಅದು. ಫೋನ್ ಇಟ್ಟವನೇ ಬಯಾಸ್‌ಗೆ, ಅಂದರೆ ಕಂಪ್ಯೂಟರ್ ಏಳುವಾಗಲೇ ತೆರೆಯುವ ಸೆಟ್ಟಿಂಗ್ ಪರದೆಗೆ, ಹೋಗಿ ನೇರವಾಗಿ 42 ಹಾಕಿದೆ.

ಫ್ಯಾನ್ ತಿರುಗಿತು. ಪರದೆ ಕಪ್ಪು. ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಕಪ್ಪೇ. ಕೊನೆಗೆ ಕರೆಂಟ್ ತೆಗೆದು, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಕಿತ್ತು, ಹತ್ತು ನಿಮಿಷ ದೇವರ ಹೆಸರು ಹೇಳಿ ಮತ್ತೆ ಹಾಕಿದೆ. ಹಾಕಿದ್ದೆಲ್ಲ ಮರೆತು ಜೀವ ಬಂತು. ಆದರೆ ದಿನಾಂಕ ಕೂಡ ಮರೆತಿತ್ತು. 2018 ತೋರಿಸುತ್ತಿತ್ತು. ಹೀಗೆ ತಾರೀಖು ತಪ್ಪಿದರೆ ಎಷ್ಟೋ ವೆಬ್‌ಸೈಟುಗಳು ಬಾಗಿಲೇ ತೆರೆಯುವುದಿಲ್ಲ. ಹೆಂಡತಿ ಇಣುಕಿ ನೋಡಿ, "2018 ಅಂತಲ್ರೀ, ಚಿನ್ನದ ರೇಟೂ ಆಗಿಂದೇ ಸಿಗುತ್ತಾ ನೋಡಿ" ಎಂದಳು.

ಮುಂದಿನ ಭಾನುವಾರ ಬುದ್ಧಿ ಬಂದಿತ್ತು. 40, 1.35 ವೋಲ್ಟ್. ಪರದೆ ಬಂತು! ಸ್ಟ್ರೆಸ್ ಟೆಸ್ಟ್ ಹಚ್ಚಿದೆ. ಬಿಸಿ 70, 80, 88, 93 ಡಿಗ್ರಿ. ಈ ಚಿಪ್‌ನ ಮಿತಿ 95. ವೋಲ್ಟೇಜ್ ಚೂರು ಏರಿಸಿದರೂ ಬಿಸಿ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದರ ಮೇಲೆ ದಾವಣಗೆರೆಯ ಏಪ್ರಿಲ್. ಕೋಣೆಯೇ 36 ಡಿಗ್ರಿ ಇರುವಾಗ ಫ್ಯಾನ್ ಪಾಪ ಎಲ್ಲಿಂದ ತಂಪು ತರಬೇಕು? ಅದು ಮಿಕ್ಸಿ ಮೂರನೇ ಸ್ಪೀಡಿಗೆ ಇಟ್ಟ ಹಾಗೆ ಅರಚುತ್ತಿತ್ತು. ಅಡುಗೆಮನೆಯಿಂದ, "ಚಟ್ನಿ ಆಯ್ತೇನ್ರೀ?" ಅಂತ ಬೇರೆ.

ಮೂರನೇ ಭಾನುವಾರ ಡಬ್ಬ ಬಿಚ್ಚಿದೆ. ಪ್ರೊಸೆಸರ್ ಮೇಲಿನ ಕೂಲರ್ ಒಳಗಿನ ಧೂಳು ತೆಗೆದರೆ ಒಂದು ಸಣ್ಣ ದಿಂಬು ತುಂಬಬಹುದಿತ್ತು. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಬದಲಿಸೋಣ ಎಂದು ಸ್ಕ್ರೂ ಬಿಚ್ಚಿ ಕೂಲರನ್ನು ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ. "ಟಕ್" ಅಂತ ಬಂತು. ಜೊತೆಗೆ ಪ್ರೊಸೆಸರೂ ಬಂತು, ಬೇರು ಸಮೇತ ಕಿತ್ತ ಹಲ್ಲಿನ ಹಾಗೆ. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಒಣಗಿದ ಪೇಸ್ಟ್ ಬಿಸಿಗೆ ಮೆತ್ತಗಾದ ಮೇಲೆ, ಆಫ್ ಮಾಡಿ ಕೂಲರನ್ನು ಮೆಲ್ಲಗೆ ತಿರುಚಿ ತೆಗೆಯಬೇಕಂತೆ. ಇದು ನನಗೆ ಆಮೇಲೆ ಗೊತ್ತಾಯಿತು. ನನಗೆ ಎಲ್ಲವೂ ಆಮೇಲೆಯೇ ಗೊತ್ತಾಗುವುದು.

ಚಿಪ್‌ನ ಅಡಿಯಲ್ಲಿ 1331 ಪಿನ್ನುಗಳು. ಎರಡು ಬಾಗಿದ್ದವು. ಮಗಳ ಪೆನ್ ಪೆನ್ಸಿಲ್‌ನಿಂದ ಕಡ್ಡಿ ತೆಗೆದು, ಅದರ ತೂತಿನ ಮೂತಿಯನ್ನು ಪಿನ್ನಿಗೆ ತೂರಿಸಿ, ಉಸಿರು ಹಿಡಿದು ನೆಟ್ಟಗೆ ಮಾಡಿದೆ. ತಾಳಿ ಕಟ್ಟುವಾಗಲೂ ನನ್ನ ಕೈ ಇಷ್ಟು ನಡುಗಿರಲಿಲ್ಲ. ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ ಮುಚ್ಚಿದೆ.

ಏನನ್ನೂ ಏರಿಸದೆ, ಬರೀ ಈ ಕ್ಲೀನಿಂಗಿಗೇ ಬಿಸಿ 12 ಡಿಗ್ರಿ ಇಳಿದಿತ್ತು! ಆಸೆ ತಗ್ಗಿಸಿಕೊಂಡು 39, 1.3 ವೋಲ್ಟ್‌ಗೆ ನಿಲ್ಲಿಸಿದೆ. ರೆಂಡರ್ 39 ನಿಮಿಷಕ್ಕೆ ಮುಗಿಯಿತು. ಮೂರು ಭಾನುವಾರಕ್ಕೆ ಮೂರು ನಿಮಿಷ.

ಹೆಮ್ಮೆಯಿಂದ ಅಳಿಯನಿಗೆ ಫೋನ್ ಮಾಡಿದೆ.

"ಸೂಪರ್ ಮಾಮ! ಬ್ಯಾಟರಿ ತೆಗೆದಿದ್ರಲ್ಲ, ಬಯಾಸ್‌ನಲ್ಲಿ ರ‍್ಯಾಮ್‌ನ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿದ್ರಿ ತಾನೆ?"

ಎಕ್ಸ್‌ಎಂಪಿ ಅಂದರೆ ರ‍್ಯಾಮನ್ನು ಅದರ ಮೇಲೆ ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗಂತೆ. ಹೋಗಿ ನೋಡಿದೆ. 3000ದ್ದು ಅಂತ ಜಾಸ್ತಿ ದುಡ್ಡು ಕೊಟ್ಟು ತಂದ ರ‍್ಯಾಮ್ 2133ರಲ್ಲಿ ಆರಾಮಾಗಿ ಓಡುತ್ತಿತ್ತು.

"ಮತ್ತೆ ಅಂದ್ರೆ? ತಂದಾಗಿನಿಂದ ಅದನ್ನ ನಾನು ಮುಟ್ಟೇ ಇಲ್ವಲ್ಲೋ" ಎಂದೆ.

ಆ ಕಡೆಯಿಂದ ಸುಮಾರು ಹೊತ್ತು ಅವನ ಕಂಪ್ಯೂಟರಿನ ಫ್ಯಾನ್ ಸದ್ದು ಮಾತ್ರ ಕೇಳಿಸಿತು.