ನೀರಿಲ್ಲ ಎಂದು ಬರೆದುಕೊಟ್ಟ ಮನುಷ್ಯ

ಕಳೆದ ವಾರ ಬಂದ ಒಂದು ಕಾಗದವನ್ನು ನಾಲ್ಕು ಸಲ ಓದಿದ್ದೇನೆ. ಅಮೆರಿಕದ ಅರಿಜೋನಾ ರಾಜ್ಯದ ಮೊಹಾವಿ ಕೌಂಟಿ ಅನ್ನುವ ಜಿಲ್ಲೆಯಲ್ಲಿ, ಕಿಂಗ್‌ಮನ್‌ಗೆ ಪಶ್ಚಿಮದ ಗೋಲ್ಡನ್ ವ್ಯಾಲಿಯಲ್ಲಿ, ಮನೆ ಕಟ್ಟಬಹುದಾದ ಒಂದು ಎಕರೆ ಮರಳುನೆಲ ನೋಡಿಬಂದಿದ್ದೆ. ಬೆಲೆ 7,500 ಡಾಲರ್. ಬ್ಯಾಂಕಿನ ಗೊಡವೆ ಇಲ್ಲ, ಸಾಲವನ್ನೂ ಮಾರುವವನೇ ಕೊಡುತ್ತಾನೆ. ಮುಂಗಡ 500, ಆಮೇಲೆ ತಿಂಗಳಿಗೆ 140ರಂತೆ 5 ವರ್ಷ. ನಮ್ಮ 30×40 ಲೆಕ್ಕದಲ್ಲಿ 36 ಸೈಟು!

ಆ ಕಾಗದ ಒಂದು ಅಫಿಡವಿಟ್, ನೆಲದ ಸ್ಥಿತಿಗತಿಯನ್ನು ಮಾರುವವನೇ ಬರೆದು ಸಹಿ ಹಾಕಿದ ಪ್ರಮಾಣಪತ್ರ. ಪಟ್ಟಣದ ಎಲ್ಲೆಯಾಚೆಯ ಜಮೀನನ್ನು ಐದೋ ಅದಕ್ಕಿಂತ ಕಡಿಮೆಯೋ ತುಂಡು ಮಾಡಿ ಮಾರುವವನು ಇದನ್ನು ಕೊಡಲೇಬೇಕೆಂದು ಇಲ್ಲಿನ ಕಾನೂನು. ಮಾಮೂಲಿ ಕಾರು ಈ ದಾರಿಯಲ್ಲಿ ಹೋಗುತ್ತದೆಯೇ? ಇಲ್ಲ. ದಾರಿಯನ್ನು ಕೌಂಟಿ ರಿಪೇರಿ ಮಾಡುತ್ತದೆಯೇ? ಇಲ್ಲ. ಕರೆಂಟು? ಇಲ್ಲ. ಒಳಚರಂಡಿ? ಇಲ್ಲ. ನೀರು? ಹೊರಗಿನಿಂದ ಹೊತ್ತು ತರಬೇಕು. ಕೆಳಗೆ ಮಾರುವವನ ಸಹಿ, ನೋಟರಿಯ ಮುದ್ರೆ. ಇದು ಕೈಸೇರಿದ ಮೇಲೆ ಐದು ದಿನದೊಳಗೆ ಬೇಡವೆನ್ನುವ ಹಕ್ಕೂ ನನಗಿದೆ.

ನನ್ನ ಕಣ್ಣು ತುಂಬಿತು. ನೆನಪಾದದ್ದು ಅಪ್ಪ.

1994ರಲ್ಲಿ ಅಪ್ಪ ತುಮಕೂರು ರಸ್ತೆಯ ಕಡೆ ಕಂತಿನ ಮೇಲೆ ಒಂದು ಸೈಟು ಹಿಡಿದರು. ಮಾರಿದವರು ಪರಿಚಯದವರೇ. ಬಣ್ಣದ ನಕ್ಷೆಯಲ್ಲಿ ಆರ್ಚು, ಪಾರ್ಕು, ಓವರ್‌ಹೆಡ್ ಟ್ಯಾಂಕು ಎಲ್ಲವೂ ಇದ್ದವು. 'ಕನ್ವರ್ಷನ್ ಆಗಿದೆಯಾ?', ಅಂದರೆ ಹೊಲವನ್ನು ಮನೆ ಕಟ್ಟುವ ಜಾಗವೆಂದು ಸರ್ಕಾರ ಒಪ್ಪಿದೆಯಾ ಎಂದು ಕೇಳಿದ್ದಕ್ಕೆ 'ಆಗ್ತಾ ಇದೆ ಸಾರ್, ನಮ್ಮೋರೇ ನೀವು' ಅಂದರಂತೆ. ಅಮ್ಮ ಎರಡು ಬಳೆ ಬಿಚ್ಚಿಕೊಟ್ಟಳು. ಕನ್ವರ್ಷನ್ ಆಗಲೇ ಇಲ್ಲ. ರಿಜಿಸ್ಟ್ರಿಗೆ ಒಂಬತ್ತು ವರ್ಷ ಅಲೆದಾಡಿದ ಮೇಲೆ ಸಿಕ್ಕಿದ್ದು ರೆವಿನ್ಯೂ ಸೈಟು, ಕಾಗದದಲ್ಲಿ ಇನ್ನೂ ಹೊಲವೇ. ಆ ಕಂತಿನ ರಸೀದಿಗಳು ಇಂದಿಗೂ ಬೀರುವಿನಲ್ಲಿ, ರಬ್ಬರ್ ಬ್ಯಾಂಡ್ ಹಾಕಿಕೊಂಡು ಕೂತಿವೆ.

ನಮ್ಮಲ್ಲಿ ಬಾಯಿಬಿಟ್ಟು 'ಇಲ್ಲ' ಅನ್ನುವವರೇ ಇಲ್ಲ. ಎರಡು ವರ್ಷದ ಹಿಂದೆ ರಜೆಗೆ ಹೋದಾಗಲೂ ದೇವನಹಳ್ಳಿ ಕಡೆ ಸೈಟು ತೋರಿಸಿದ ಬ್ರೋಕರು ಕಾವೇರಿ ನೀರು ಬಂದೇಬಿಟ್ಟಿತು ಎನ್ನುವಂತೆ ಮಾತಾಡಿದ. ಬರೆದುಕೊಡಿ ಅಂದೆ. 'ನಂಬಿಕೆ ಇಲ್ವಾ ಸಾರ್?' ಎಂದು ಮುಖ ಸಣ್ಣದು ಮಾಡಿಕೊಂಡ. ಬರಹದಲ್ಲಿ ಕೇಳುವುದೇ ನಮ್ಮಲ್ಲಿ ಅವಮಾನ. ನಮ್ಮೋರು ಅನ್ನುವ ಒಂದು ಮಾತಿನ ಮೇಲೆ ಅಪ್ಪನಂಥ ಎಷ್ಟು ಮೇಷ್ಟ್ರುಗಳ ಪಿಎಫ್ ದುಡ್ಡು ಮಣ್ಣಾಗಿ ಹೋಗಿದೆ! ಇಲ್ಲಿ ನನ್ನ ಊರು ಕೇರಿ ಯಾವುದನ್ನೂ ಕೇಳದವನು, ತನ್ನ ನೆಲದ ಒಂದೊಂದು ಕೊರತೆಯನ್ನೂ ಸಾಲಾಗಿ ಬರೆದು ಕೊಟ್ಟಿದ್ದಾನೆ.

ಇಷ್ಟೆಲ್ಲ ಹೊಗಳಿದ ಮೇಲೆ ಉಳಿದದ್ದನ್ನೂ ಹೇಳಲೇಬೇಕು. ಕೊನೆಯ ಕಂತಿನವರೆಗೆ ಹಕ್ಕುಪತ್ರ ಮಾರುವವನ ಹೆಸರಿನಲ್ಲೇ ಇರುತ್ತದೆ. ಬೆಲೆಯ ಐದನೇ ಒಂದು ಪಾಲೂ ಕಟ್ಟಿರದಿದ್ದರೆ, ಕಂತು ತಪ್ಪಿದ 30 ದಿನದ ಮೇಲೆ ಅವನು ಕರಾರು ಮುರಿದು ಜಾಗವನ್ನು ವಾಪಸು ಪಡೆಯುವ ದಾರಿ ಹಿಡಿಯಬಹುದು. ನೀರು ಹೊತ್ತು ತರುವುದಾದರೂ ಎಲ್ಲಿಂದ? ಫೀನಿಕ್ಸ್ ಪಕ್ಕದ ರಿಯೊ ವರ್ಡೆ ಫುಟ್‌ಹಿಲ್ಸ್‌ನ ನೂರಾರು ಮನೆಗಳಿಗೆ ಹೋಗುತ್ತಿದ್ದ ಟ್ಯಾಂಕರ್ ನೀರನ್ನು ಸ್ಕಾಟ್ಸ್‌ಡೇಲ್ ನಗರ 2023ರ ಜನವರಿ 1ರಂದು ನಿಲ್ಲಿಸಿಬಿಟ್ಟಿತು. ಊರಲ್ಲೂ ಕಾಲ ಅಲ್ಲೇ ನಿಂತಿಲ್ಲ, ಮನೆ-ಸೈಟು ಮಾರಾಟದ ಮೇಲೆ ಕಣ್ಣಿಡುವ ರೇರಾ ಕಾನೂನು ಬಂದಮೇಲೆ ದೊಡ್ಡ ಬಡಾವಣೆ ಮಾಡುವವರು ಕಾಗದಪತ್ರ ಬಹಿರಂಗ ಮಾಡಲೇಬೇಕು. ಇನ್ನು ಅಪ್ಪನ ಸೈಟು. ಯಾರೋ ರಾತ್ರೋರಾತ್ರಿ ಅಲ್ಲಿ ಕಲ್ಲು ನೆಟ್ಟಾಗ, ಪಕ್ಕದ ಮನೆಯ ಅಜ್ಜಿ ಬೆಳಗಿನ ಆರಕ್ಕೇ ಫೋನು ಮಾಡಿ ಎಬ್ಬಿಸಿದ್ದರು. ಗೋಲ್ಡನ್ ವ್ಯಾಲಿಯ ನನ್ನ ಎಕರೆಯಿಂದ ಕಣ್ಣು ಹಾಯಿಸಿದರೆ ಕ್ರಿಯೋಸೋಟ್ ಪೊದೆಗಳು, ದೂರದಲ್ಲಿ ಒಂದು ಟ್ರೇಲರು, ಅಷ್ಟೇ.

ನಿನ್ನೆ ಅಪ್ಪನಿಗೆ ಫೋನು ಮಾಡಿ ಆ ಕಾಗದವನ್ನು ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಬಹಳ ಹೊತ್ತು ಮಾತಿಲ್ಲ.

'ನೀರಿಲ್ಲ ಅಂತ ಅವನೇ ಬರೆದುಕೊಟ್ಟನೇನೋ?'

'ಹೂಂ ಅಪ್ಪ. ಸಹಿ ಹಾಕಿ.'

'ಆ ಸಾಲು ಇನ್ನೊಂದ್ಸಲ ಓದು ಮಗಾ.'

ಓದಿದೆ. ಐದು ದಿನದಲ್ಲಿ ಇನ್ನೆರಡು ಉಳಿದಿವೆ.